ತಲೆಬುರುಡೆ ತೆರೆಯದೆ ಮೆದುಳನ್ನು ಕಂಡ ಬಗೆ

ಪ್ಯಾರಿಸ್ ಹೊರವಲಯದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ಇಪ್ಪತ್ತೊಂದು ವರ್ಷ ಕಳೆದ. ಮೂವತ್ತರ ಆಸುಪಾಸಿನಲ್ಲಿ ಅವನ ಮಾತು ನಿಂತುಹೋಗಿತ್ತು. ಏನೇ ಕೇಳಿದರೂ ‘ತಾನ್, ತಾನ್’ ಎಂದಷ್ಟೇ ಉತ್ತರ. ಆಸ್ಪತ್ರೆಯವರೆಲ್ಲ ಅವನನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರು. ಬೇರೆಯವರ ಮಾತು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಹೇಳಬೇಕಾದದ್ದನ್ನು ಕೈಸನ್ನೆಯಿಂದ ಹೇಳಲು ಯತ್ನಿಸುತ್ತಿದ್ದ. 1861ರ ಏಪ್ರಿಲ್‌ನಲ್ಲಿ ಕಾಲು ಕೊಳೆಯತೊಡಗಿದ್ದರಿಂದ ಅವನನ್ನು ಪಾಲ್ ಬ್ರೊಕಾ ಎಂಬ ಶಸ್ತ್ರವೈದ್ಯನ ಬಳಿಗೆ ತಂದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 17ರಂದು, ಆತ ತೀರಿಕೊಂಡ. ಬ್ರೊಕಾ ಶವಪರೀಕ್ಷೆ ನಡೆಸಿದಾಗ ಮೆದುಳಿನ ಎಡಗಡೆಯ ಮುಂಭಾಗದಲ್ಲಿ ಒಂದು ಕಡೆ ಹಾನಿಯಾಗಿರುವುದು ಕಾಣಿಸಿತು. ಮಾತನಾಡುವ ಶಕ್ತಿಗೂ ಮೆದುಳಿನ ಆ ಜಾಗಕ್ಕೂ ಸಂಬಂಧವಿದೆಯೆಂದು ಆತ ಜಗತ್ತಿಗೆ ಸಾರಿದ. ಇಂದಿಗೂ ಆ ಭಾಗಕ್ಕೆ ಬ್ರೊಕಾನ ಹೆಸರೇ ಇದೆ.

ನರವಿಜ್ಞಾನದ ಚರಿತ್ರೆಯಲ್ಲಿ ಇದು ದೊಡ್ಡ ಘಟನೆ. ಆದರೆ ಲೆಬೋರ್ನ್‌ನ ಕಡೆಯಿಂದ ನೋಡಿದರೆ, ಇಪ್ಪತ್ತೊಂದು ವರ್ಷ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವನು ಸತ್ತ ಮೇಲೆ. ಮೆದುಳಿನ ರೋಗಗಳ ವಿಷಯದಲ್ಲಿ ಶತಮಾನಗಳ ಕಾಲ ಇದೇ ನಿಯಮವಾಗಿತ್ತು. ರೋಗಿ ಬದುಕಿರುವಾಗ ವೈದ್ಯ ಊಹಿಸುತ್ತಿದ್ದ. ಊಹೆ ಸರಿಯೋ ತಪ್ಪೋ ಎಂಬುದು ಶವಪರೀಕ್ಷೆಯ ಮೇಜಿನ ಮೇಲೆ ತಿಳಿಯುತ್ತಿತ್ತು. ಈ ನಿಯಮವನ್ನು ಮುರಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಹೊರಗಿನ ಲಕ್ಷಣ, ಒಳಗಿನ ಊಹೆ

ಹೊಟ್ಟೆಯನ್ನು ಒತ್ತಿ ನೋಡಬಹುದು. ಎದೆಗೆ ಕಿವಿಗೊಟ್ಟು ಕೇಳಬಹುದು. ನಾಡಿ ಹಿಡಿದು ಎಣಿಸಬಹುದು. ಮೆದುಳು ಮಾತ್ರ ಗಟ್ಟಿಯಾದ ಮೂಳೆಯ ಪೆಟ್ಟಿಗೆಯೊಳಗೆ ಅಡಗಿದೆ. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ನರವೈದ್ಯರು ಹೊರಗೆ ಕಾಣುವ ಲಕ್ಷಣಗಳಿಂದಲೇ ಒಳಗಿನ ಸ್ಥಿತಿಯನ್ನು ಓದುವ ವಿದ್ಯೆ ಬೆಳೆಸಿಕೊಂಡರು. ಯಾವ ಕೈ ಸೋತಿದೆ, ಯಾವ ಕಣ್ಣು ಮಂಜಾಗಿದೆ, ಸೆಳವು ಯಾವ ಬೆರಳಿನಿಂದ ಆರಂಭವಾಗುತ್ತದೆ ಎಂಬುದನ್ನು ನೋಡಿ ಮೆದುಳಿನ ಯಾವ ಮೂಲೆಯಲ್ಲಿ ದೋಷವಿದೆ ಎಂದು ಅವರು ಹೇಳುತ್ತಿದ್ದರು.

ಈ ವಿದ್ಯೆಯ ಶಕ್ತಿಯೂ ಮಿತಿಯೂ 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ಒಟ್ಟಿಗೇ ಕಾಣಿಸಿದವು. ಇಪ್ಪತ್ತೈದು ವರ್ಷದ ಯುವಕನೊಬ್ಬನ ಎಡಗೈ ದಿನೇದಿನೇ ಶಕ್ತಿ ಕಳೆದುಕೊಳ್ಳುತ್ತಿತ್ತು, ಸೆಳವುಗಳೂ ಬರುತ್ತಿದ್ದವು. ಹ್ಯೂಸ್ ಬೆನೆಟ್ ಎಂಬ ವೈದ್ಯ ಇಷ್ಟರ ಆಧಾರದ ಮೇಲೆಯೇ ಮೆದುಳಿನ ಬಲಭಾಗದ ನಿರ್ದಿಷ್ಟ ಜಾಗವೊಂದರಲ್ಲಿ ಗಡ್ಡೆಯಿದೆ ಎಂದು ನಿರ್ಧರಿಸಿದ. ರಿಕ್‌ಮನ್ ಗಾಡ್ಲಿ ಎಂಬ ಶಸ್ತ್ರವೈದ್ಯ ಅಲ್ಲಿಯೇ ಬುರುಡೆ ಕೊರೆದು ನೋಡಿದಾಗ ಗಡ್ಡೆ ಸಿಕ್ಕಿತು. ಅದನ್ನು ತೆಗೆದದ್ದೂ ಆಯಿತು. ಆದರೆ ಸೋಂಕು ತಗುಲಿ ನಾಲ್ಕು ವಾರಗಳಲ್ಲಿ ಯುವಕ ತೀರಿಕೊಂಡ. ಊಹೆ ಸರಿಯಾಗಿದ್ದಾಗಲೇ ಹೀಗಾದರೆ, ಊಹೆ ತಪ್ಪಿದಾಗ ಬುರುಡೆ ಕೊರೆದದ್ದೆಲ್ಲ ವ್ಯರ್ಥ.

ಬರಿಯ ಮೂಳೆ ಕಾಣಿಸಿತು

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್ಜನ್ ಕ್ಷ-ಕಿರಣಗಳನ್ನು ಕಂಡ. ಕೆಲವೇ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ವೈದ್ಯರು ಮುರಿದ ಮೂಳೆ, ದೇಹದೊಳಗೆ ಸಿಕ್ಕಿಕೊಂಡ ಗುಂಡು ಇತ್ಯಾದಿಗಳ ಚಿತ್ರ ತೆಗೆಯತೊಡಗಿದರು. ಮೆದುಳಿನ ವಿಷಯದಲ್ಲಿ ಮಾತ್ರ ನಿರಾಶೆಯೇ ಆಯಿತು. ಕ್ಷ-ಕಿರಣ ಗಟ್ಟಿ ವಸ್ತುವಿನಲ್ಲಿ ಹೆಚ್ಚು ತಡೆಯಲ್ಪಡುತ್ತದೆ, ಮೃದು ವಸ್ತುವಿನ ಮೂಲಕ ಸುಲಭವಾಗಿ ಹಾಯುತ್ತದೆ. ಬುರುಡೆಯ ನೆರಳು ದಟ್ಟವಾಗಿ ಬೀಳುತ್ತಿತ್ತು. ಅದರೊಳಗಿನ ಮೆದುಳು, ಮೆದುಳಿನಲ್ಲಿ ಹರಿಯುವ ರಕ್ತ, ಬೆಳೆಯುತ್ತಿರುವ ಗಡ್ಡೆ ಇವೆಲ್ಲ ಸರಿಸುಮಾರು ಒಂದೇ ಸಾಂದ್ರತೆಯವಾದ್ದರಿಂದ ಒಂದರಿಂದೊಂದು ಬೇರೆಯಾಗಿ ಕಾಣಿಸುತ್ತಿರಲಿಲ್ಲ.

ಈ ತೊಡಕಿಗೆ ಒಂದು ಒರಟು ಉಪಾಯ ಹುಡುಕಿದವನು ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ. ಮೆದುಳಿನ ನಡುವೆ ದ್ರವ ತುಂಬಿದ ಪೊಟರೆಗಳಿವೆ. ಆ ದ್ರವವನ್ನು ಹೊರತೆಗೆದು ಅಲ್ಲಿಗೆ ಗಾಳಿ ತುಂಬಿದರೆ ಕ್ಷ-ಕಿರಣ ಚಿತ್ರದಲ್ಲಿ ಪೊಟರೆಯ ಆಕಾರ ಎದ್ದು ಕಾಣುತ್ತದೆ. ಗಡ್ಡೆಯಿದ್ದರೆ ಪೊಟರೆ ಒಂದು ಕಡೆಗೆ ಸರಿದಿರುತ್ತದೆ, ಇಲ್ಲವೇ ಅದುಮಿರುತ್ತದೆ. 1918ರಲ್ಲಿ ಡ್ಯಾಂಡಿ ಬುರುಡೆಯಲ್ಲಿ ರಂಧ್ರ ಮಾಡಿ ಗಾಳಿ ತುಂಬಿದ. ಮರುವರ್ಷ ಬೆನ್ನುಹುರಿಯ ಕೆಳಭಾಗಕ್ಕೆ ಸೂಜಿ ಚುಚ್ಚಿ ಅಲ್ಲಿಂದ ಗಾಳಿಯನ್ನು ಮೇಲಕ್ಕೆ ಏರಿಸುವ ವಿಧಾನ ರೂಪಿಸಿದ. ಪರೀಕ್ಷೆ ಉಪಯುಕ್ತವಾಗಿತ್ತು. ಆದರೆ ರೋಗಿಗಳು ತಲೆ ಸಿಡಿಯುವಂಥ ನೋವು, ವಾಂತಿಗಳಿಂದ ದಿನಗಟ್ಟಲೆ ಬಳಲುತ್ತಿದ್ದರು. ಬೇರೆ ದಾರಿಯಿಲ್ಲದ ಕಾರಣ ಈ ಪರೀಕ್ಷೆ 1970ರ ದಶಕದವರೆಗೂ ನಡೆದುಬಂತು.

ಇನ್ನೊಂದು ದಾರಿ ತೆರೆದದ್ದು ಪೋರ್ಚುಗಲ್‌ನ ಲಿಸ್ಬನ್ ನಗರದಲ್ಲಿ. ಕ್ಷ-ಕಿರಣವನ್ನು ತಡೆಯುವ ದ್ರಾವಣವೊಂದನ್ನು ಕತ್ತಿನ ರಕ್ತನಾಳಕ್ಕೆ ಚುಚ್ಚಿದರೆ ಮೆದುಳಿನ ರಕ್ತನಾಳಗಳೆಲ್ಲ ಮರದ ಕೊಂಬೆಗಳಂತೆ ಚಿತ್ರದಲ್ಲಿ ಮೂಡುತ್ತವೆ ಎಂದು ಎಗಾಸ್ ಮೋನಿಸ್ 1927ರಲ್ಲಿ ತೋರಿಸಿದ. ಸ್ವಾರಸ್ಯವೆಂದರೆ, 1949ರಲ್ಲಿ ಈತನಿಗೆ ನೊಬೆಲ್ ಪ್ರಶಸ್ತಿ ಬಂದದ್ದು ಈ ಸಾಧನೆಗಾಗಿ ಅಲ್ಲ. ಮನೋರೋಗಿಗಳ ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗಾಗಿ. ಆ ಚಿಕಿತ್ಸೆ ಅಸಂಖ್ಯ ರೋಗಿಗಳನ್ನು ನಿರ್ಜೀವ ಗೊಂಬೆಗಳಂತೆ ಮಾಡಿ ಕೊನೆಗೆ ಮೂಲೆಗೆ ಸರಿಯಿತು. ಪ್ರಶಸ್ತಿ ಬಾರದ ರಕ್ತನಾಳ ಚಿತ್ರಣ ಇಂದಿಗೂ ಆಸ್ಪತ್ರೆಗಳಲ್ಲಿ ದಿನನಿತ್ಯ ಪ್ರಾಣ ಉಳಿಸುತ್ತಿದೆ.

ಸುತ್ತ ತಿರುಗಿ ನೋಡಿದವನು

ಡ್ಯಾಂಡಿ, ಮೋನಿಸ್ ಇಬ್ಬರೂ ಮೆದುಳನ್ನು ನೇರವಾಗಿ ಕಂಡವರಲ್ಲ. ಪೊಟರೆಯ ಆಕಾರ ನೋಡಿ, ರಕ್ತನಾಳದ ಬಾಗು ನೋಡಿ, ಪಕ್ಕದಲ್ಲಿ ಏನೋ ಇದೆಯೆಂದು ತರ್ಕಿಸುತ್ತಿದ್ದರು. ಮೆದುಳನ್ನೇ ಕಾಣುವ ಉಪಾಯ ಹೊಳೆದದ್ದು ವೈದ್ಯನಲ್ಲದ ಒಬ್ಬನಿಗೆ. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ 1919ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಹುಟ್ಟಿ, ಹೊಲಮನೆಯಲ್ಲಿ ಬೆಳೆದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಯುಪಡೆಯಲ್ಲಿ ರಾಡಾರ್ ವಿದ್ಯೆ ಕಲಿತ. ಬಳಿಕ ಇ.ಎಂ.ಐ. ಕಂಪೆನಿ ಸೇರಿ ಕಂಪ್ಯೂಟರ್ ತಯಾರಿಕೆಯಲ್ಲಿ ತೊಡಗಿದ. ವಿಶ್ವವಿದ್ಯಾನಿಲಯದ ಪದವಿ ಅವನ ಬಳಿ ಇರಲಿಲ್ಲ.

ಅವನ ಯೋಚನೆಯನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಒಂದೇ ಕಡೆ ನಿಂತು ನೋಡಿದರೆ ಮುಂದಿನ ಕಂಬಗಳು ಹಿಂದಿನವನ್ನು ಮರೆಮಾಡುತ್ತವೆ. ಸುತ್ತ ತಿರುಗುತ್ತ, ಹತ್ತಾರು ಕಡೆಗಳಿಂದ ನೋಡಿ, ಯಾವ ಕಡೆಯಿಂದ ಎಲ್ಲಿ ಬೆಳಕು ಹಾಯುತ್ತದೆ, ಎಲ್ಲಿ ತಡೆಯುತ್ತದೆ ಎಂದು ಬರೆದುಕೊಂಡರೆ ಒಳಗೆ ಕಾಲಿಡದೆಯೇ ಪ್ರತಿಯೊಂದು ಕಂಬದ ಜಾಗವನ್ನು ಗುರುತಿಸಬಹುದು. ಸಾಧಾರಣ ಕ್ಷ-ಕಿರಣ ಚಿತ್ರ ಒಂದೇ ಕಡೆಯಿಂದ ನೋಡಿದ ನೋಟ. ಹೌನ್ಸ್‌ಫೀಲ್ಡ್ ತಲೆಯ ಸುತ್ತ ಎಲ್ಲ ಕಡೆಗಳಿಂದಲೂ ಸಣ್ಣ ಕಿರಣ ಹಾಯಿಸಿ, ಎಷ್ಟು ಕಿರಣ ಹೊರಬಂತೆಂದು ಅಳೆದು, ಆ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಲು ಬಯಸಿದ. ಮೂಳೆಯ ನೆರಳಿನಲ್ಲಿ ಹೂತುಹೋಗಿದ್ದ ಚಿಕ್ಕಪುಟ್ಟ ವ್ಯತ್ಯಾಸಗಳನ್ನು ಲೆಕ್ಕಾಚಾರ ಹೊರತೆಗೆಯುತ್ತದೆಂಬುದು ಅವನ ನಂಬಿಕೆ.

1967ರಲ್ಲಿ ಕೆಲಸ ಆರಂಭವಾಯಿತು. ಮೊದಲ ಪ್ರಯೋಗದ ಯಂತ್ರವನ್ನು ಲೇತ್ ಯಂತ್ರದ ಹಾಸಿನ ಮೇಲೆ ಜೋಡಿಸಲಾಗಿತ್ತು. ಕಿರಣದ ಮೂಲ ದುರ್ಬಲವಾಗಿದ್ದರಿಂದ ಒಂದೇ ಒಂದು ಚಿತ್ರಕ್ಕೆ ಬೇಕಾದ ಸುಮಾರು 28,000 ಅಳತೆಗಳನ್ನು ತೆಗೆಯಲು ಒಂಬತ್ತು ದಿನ ಹಿಡಿಯಿತು, ಅವನ್ನು ಲೆಕ್ಕ ಹಾಕಲು ಕಂಪ್ಯೂಟರಿಗೆ ಎರಡೂವರೆ ಗಂಟೆ. ಕ್ಷ-ಕಿರಣದ ಕೊಳವೆ ಅಳವಡಿಸಿದ ಮೇಲೆ ಒಂಬತ್ತು ದಿನ ಒಂಬತ್ತು ಗಂಟೆಗೆ ಇಳಿಯಿತು. ಕಸಾಯಿಖಾನೆಯಿಂದ ತರಿಸಿದ ಜಾನುವಾರುಗಳ ಮೆದುಳಿನ ಮೇಲೆ ಪರೀಕ್ಷೆಗಳು ನಡೆದವು. ಇ.ಎಂ.ಐ. ಕಂಪೆನಿ ಬೀಟಲ್ಸ್ ತಂಡದ ಧ್ವನಿಮುದ್ರಿಕೆಗಳನ್ನು ಹೊರತರುತ್ತಿದ್ದುದರಿಂದ ಆ ಹಾಡುಗಳ ಹಣವೇ ಈ ಯಂತ್ರಕ್ಕೆ ಜನ್ಮ ನೀಡಿತೆಂಬ ಮಾತು ಪ್ರಚಾರದಲ್ಲಿದೆ. ಆದರೆ ಬ್ರಿಟಿಷ್ ಸರ್ಕಾರದ ಆರೋಗ್ಯ ಇಲಾಖೆ ಕಂಪೆನಿಗಿಂತ ಹೆಚ್ಚು ಹಣ ಹೂಡಿತ್ತೆಂದು ನಂತರದ ಸಂಶೋಧಕರು ದಾಖಲೆಗಳ ಸಹಿತ ತೋರಿಸಿದ್ದಾರೆ.

1971ರ ಅಕ್ಟೋಬರ್ 1ರಂದು ದಕ್ಷಿಣ ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮಾರ್ಲೀಸ್ ಆಸ್ಪತ್ರೆಯಲ್ಲಿ ಮೆದುಳುಗಡ್ಡೆಯ ಶಂಕೆಯಿದ್ದ ಮಹಿಳೆಯೊಬ್ಬರನ್ನು ಈ ಯಂತ್ರದಲ್ಲಿ ಮಲಗಿಸಲಾಯಿತು. ಕ್ಷ-ಕಿರಣ ವೈದ್ಯ ಜೇಮ್ಸ್ ಆಂಬ್ರೋಸ್ ಜೊತೆಗಿದ್ದ. ಅಳತೆಗಳಿದ್ದ ಟೇಪನ್ನು ಕಂಪ್ಯೂಟರಿರುವಲ್ಲಿಗೆ ಒಯ್ದು ಲೆಕ್ಕ ಮಾಡಿಸಿ ತಂದರು. ಚಿತ್ರದಲ್ಲಿದ್ದುದು ಉದ್ದಕ್ಕೆ 80, ಅಗಲಕ್ಕೆ 80 ಚೌಕಗಳು ಮಾತ್ರ. ಆದರೆ ಮೆದುಳಿನ ಎಡ ಮುಂಭಾಗದಲ್ಲಿ ದುಂಡನೆಯ ಗಡ್ಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯ, ಒಳಗೆ ಕಂಡದ್ದು ಥೇಟ್ ಚಿತ್ರದಲ್ಲಿದ್ದಂತೆಯೇ ಇತ್ತೆಂದು ತಿಳಿಸಿದ. ಅಲ್ಲಿಯವರೆಗೆ ಶವಪರೀಕ್ಷೆ ಕೊಡುತ್ತಿದ್ದ ಉತ್ತರ ಬದುಕಿರುವ ರೋಗಿಗೆ, ನೋವಿಲ್ಲದೆ, ಮೊದಲ ಸಲ ಸಿಕ್ಕಿತ್ತು. ಸಿ.ಟಿ. ಸ್ಕ್ಯಾನ್ ಎಂದು ಹೆಸರಾದ ಈ ಪರೀಕ್ಷೆ ಹತ್ತೇ ವರ್ಷದೊಳಗೆ ಡ್ಯಾಂಡಿಯ ಗಾಳಿ ತುಂಬುವ ವಿಧಾನವನ್ನು ಇತಿಹಾಸಕ್ಕೆ ಸೇರಿಸಿತು.

1979ರ ನೊಬೆಲ್ ಪ್ರಶಸ್ತಿಯನ್ನು ಹೌನ್ಸ್‌ಫೀಲ್ಡ್ ಜೊತೆ ಹಂಚಿಕೊಂಡವನು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಭೌತವಿಜ್ಞಾನಿ ಆಲನ್ ಕಾರ್ಮ್ಯಾಕ್. ಈ ಲೆಕ್ಕಾಚಾರದ ಗಣಿತವನ್ನು ಆತ 1963 ಮತ್ತು 1964ರಲ್ಲಿಯೇ ಪ್ರಕಟಿಸಿದ್ದ. ಆಗ ಅದನ್ನು ಕೇಳಿದವರೇ ಇರಲಿಲ್ಲ. ಬಂದ ಕೆಲವೇ ವಿಚಾರಣೆಗಳಲ್ಲಿ ಒಂದು ಸ್ವಿಟ್ಜರ್ಲೆಂಡಿನ ಹಿಮಪಾತ ಸಂಶೋಧನಾ ಕೇಂದ್ರದ್ದು. ಹಿಮದ ರಾಶಿಯ ಒಳಗನ್ನು ಅಳೆಯಲು ಅದು ಉಪಯೋಗವಾದೀತೇ ಎಂಬುದು ಅವರ ಕುತೂಹಲ.

ನೀರಿನ ಕಣಗಳ ಸುದ್ದಿ

ಸಿ.ಟಿ. ಯಂತ್ರಕ್ಕೂ ಮಿತಿಗಳಿದ್ದವು. ಅದು ಬಳಸುವುದು ಕ್ಷ-ಕಿರಣವನ್ನೇ. ತಲೆಯ ಹಿಂಭಾಗದ ತಳದಲ್ಲಿ ಮೂಳೆ ದಟ್ಟವಾಗಿರುವುದರಿಂದ ಅಲ್ಲಿನ ಚಿತ್ರ ಮಸುಕಾಗುತ್ತದೆ. ಇದಕ್ಕೆ ಪರಿಹಾರ ಬಂದದ್ದು ರಸಾಯನ ವಿಜ್ಞಾನದ ಪ್ರಯೋಗಶಾಲೆಯಿಂದ. ನಮ್ಮ ದೇಹದ ಬಹುಭಾಗ ನೀರು. ನೀರಿನಲ್ಲಿರುವ ಜಲಜನಕದ ಪರಮಾಣುಬೀಜ ಪುಟ್ಟ ಬುಗುರಿಯಂತೆ, ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಪ್ರಬಲ ಅಯಸ್ಕಾಂತದ ನಡುವೆ ಇಟ್ಟು ತಕ್ಕ ರೇಡಿಯೊ ಅಲೆ ಹಾಯಿಸಿದರೆ ಈ ಬುಗುರಿಗಳು ಓಲುತ್ತವೆ. ಅಲೆ ನಿಂತಾಗ ಮೊದಲ ಸ್ಥಿತಿಗೆ ಮರಳುತ್ತ ತಾವೇ ರೇಡಿಯೊ ಸಂಕೇತ ಹೊರಡಿಸುತ್ತವೆ. ಮರಳಲು ಹಿಡಿಯುವ ಸಮಯ ಅಂಗಾಂಶದಿಂದ ಅಂಗಾಂಶಕ್ಕೆ ಬೇರೆ.

ಇಲಿಗಳ ಗಡ್ಡೆಯಲ್ಲಿ ಈ ಸಮಯ ಆರೋಗ್ಯವಂತ ಅಂಗಾಂಶಕ್ಕಿಂತ ಭಿನ್ನವಾಗಿದೆಯೆಂದು ಅಮೆರಿಕದ ವೈದ್ಯ ರೇಮಂಡ್ ಡಮಾಡಿಯನ್ 1971ರಲ್ಲಿ ತೋರಿಸಿದ. ಆದರೆ ಸಂಕೇತ ಬಂದದ್ದು ಎಲ್ಲಿಂದ ಎಂದು ತಿಳಿಯುವುದು ಹೇಗೆ? ಅಯಸ್ಕಾಂತದ ಬಲವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪಸ್ವಲ್ಪವೇ ಬದಲಿಸಿದರೆ ಜಾಗದಿಂದ ಜಾಗಕ್ಕೆ ಸಂಕೇತದ ಆವರ್ತನ ಬದಲಾಗುತ್ತದೆ. ಅದರಿಂದ ಚಿತ್ರ ಕಟ್ಟಬಹುದೆಂದು ಪಾಲ್ ಲಾಟರ್‌ಬರ್ 1973ರಲ್ಲಿ ಪ್ರಕಟಿಸಿದ. ನಾಟಿಂಗ್‌ಹ್ಯಾಮ್‌ನ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರವನ್ನು ಅತಿ ವೇಗವಾಗಿ ತೆಗೆಯುವ ವಿಧಾನ ರೂಪಿಸಿದ. ಇದೇ ಎಂ.ಆರ್.ಐ. 2003ರ ನೊಬೆಲ್ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಇಬ್ಬರಿಗೆ ಮಾತ್ರ ಸಂದಾಗ ಡಮಾಡಿಯನ್ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಪ್ರತಿಭಟಿಸಿದ. ಆರಂಭದಲ್ಲಿ ಪರೀಕ್ಷೆಯ ಹೆಸರಿನಲ್ಲಿದ್ದ ‘ನ್ಯೂಕ್ಲಿಯರ್’ ಎಂಬ ಮಾತು, ಅದನ್ನು ಕೇಳಿ ಜನ ಹೆದರುತ್ತಾರೆಂಬ ಕಾರಣಕ್ಕೆ ಬಿಟ್ಟುಹೋಯಿತು. ವಾಸ್ತವವಾಗಿ ಇದರಲ್ಲಿ ಕ್ಷ-ಕಿರಣವೂ ಇಲ್ಲ, ವಿಕಿರಣಶೀಲ ವಸ್ತುವೂ ಇಲ್ಲ.

ಗಂಟೆಗಳ ಲೆಕ್ಕ

ಚಿತ್ರ ಸಿಕ್ಕರೆ ರೋಗಿಗೆ ಆಗುವ ಲಾಭವೇನು ಎಂಬುದಕ್ಕೆ ಪಾರ್ಶ್ವವಾಯು ಒಳ್ಳೆಯ ನಿದರ್ಶನ. ಒಬ್ಬರಿಗೆ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ, ಒಂದು ಕಡೆಯ ಕೈಕಾಲು ಬಿದ್ದುಹೋಯಿತೆನ್ನಿ. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹೀಗಾಗಿರಬಹುದು, ರಕ್ತನಾಳ ಒಡೆದೂ ಹೀಗಾಗಿರಬಹುದು. ಹೊರಗಿನಿಂದ ನೋಡಿ ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ಅನುಭವಿ ವೈದ್ಯರಿಗೂ ಆಗದು. ಚಿಕಿತ್ಸೆಗಳಾದರೋ ಒಂದಕ್ಕೊಂದು ವಿರುದ್ಧ. ಹೆಪ್ಪು ಕರಗಿಸುವ ಔಷಧವನ್ನು ರಕ್ತನಾಳ ಒಡೆದವರಿಗೆ ಕೊಟ್ಟರೆ ಸಾವೇ ಬಂದೀತು.

ಹೆಪ್ಪು ಕರಗಿಸುವ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆಯೆಂದು ಅಮೆರಿಕದಲ್ಲಿ ನಡೆದ ಅಧ್ಯಯನ 1995ರಲ್ಲಿ ತೋರಿಸಿತು. ಈ ಅವಧಿ ನಂತರ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಸಿ.ಟಿ. ಇಲ್ಲದಿದ್ದರೆ ಈ ಔಷಧ ಇದ್ದೂ ಇಲ್ಲದಂತೆ. ನಿಮಿಷಗಳಲ್ಲಿ ಸ್ಕ್ಯಾನ್ ಮಾಡಿ, ರಕ್ತಸ್ರಾವವಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅದನ್ನು ಕೊಡುವುದು. ದೊಡ್ಡ ರಕ್ತನಾಳ ಮುಚ್ಚಿಹೋಗಿದ್ದರೆ ತೊಡೆಯ ರಕ್ತನಾಳದಿಂದ ಸಪೂರ ನಳಿಕೆ ಏರಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಯ ಪ್ರಯೋಜನವೂ 2015ರಲ್ಲಿ ಹಲವು ಅಧ್ಯಯನಗಳಿಂದ ದೃಢಪಟ್ಟಿತು. ಆ ನಳಿಕೆಗೆ ದಾರಿ ತೋರುವುದು ಮೋನಿಸ್‌ನ ರಕ್ತನಾಳ ಚಿತ್ರಣವೇ. ಪಾರ್ಶ್ವವಾಯುವಿನ ಲಕ್ಷಣ ಕಂಡ ಕೂಡಲೇ ಮನೆಮದ್ದು, ನಾಟಿಮದ್ದು ಎಂದು ಹೊತ್ತು ಕಳೆಯದೆ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಿರಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿ.

ಮರೆವಿನ ರೋಗದ ಗುರುತು

ಗಡ್ಡೆ, ರಕ್ತಸ್ರಾವಗಳಿಗಿಂತ ಬಹಳ ಕಾಲ ಹೆಚ್ಚು ಗುಟ್ಟಾಗಿ ಉಳಿದದ್ದು ಮರೆವಿನ ರೋಗ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಔಗುಸ್ಟ ಎಂಬ 51 ವರ್ಷದ ಗೃಹಿಣಿ ದಾಖಲಾದಳು. ಆಲೊಯಿಸ್ ಆಲ್ಜೈಮರ್ ಎಂಬ ವೈದ್ಯ ಅವಳೆದುರು ಕುಳಿತು ಹೆಸರು, ಗಂಡನ ಹೆಸರು, ಊರು ಇತ್ಯಾದಿ ಕೇಳಿ ಉತ್ತರಗಳನ್ನು ಬರೆದುಕೊಂಡ. ತಾನು ತನ್ನನ್ನೇ ಕಳೆದುಕೊಂಡಿದ್ದೇನೆ ಎಂಬರ್ಥದ ಮಾತನ್ನು ಅವಳು ಆಡುತ್ತಿದ್ದಳು. 1906ರ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಳು. ಅವಳ ಮೆದುಳಿನ ತೆಳು ಚೂರುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದಾಗ ಜೀವಕೋಶಗಳ ನಡುವೆ ಗಟ್ಟಿಯಾದ ಮಚ್ಚೆಗಳೂ ಕೋಶಗಳೊಳಗೆ ಗಂಟುಬಿದ್ದ ಎಳೆಗಳೂ ಆಲ್ಜೈಮರ್‌ಗೆ ಕಂಡವು. ಆ ನವೆಂಬರಿನಲ್ಲಿ ಟ್ಯೂಬಿಂಗನ್ ನಗರದ ವೈದ್ಯರ ಸಭೆಯಲ್ಲಿ ಆತ ಇದನ್ನು ವಿವರಿಸಿದಾಗ ಸಭಿಕರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇಲ್ಲಿಯೂ ಲೆಬೋರ್ನ್‌ನ ಕಥೆಯೇ ಮರುಕಳಿಸಿತು. ಆಲ್ಜೈಮರ್ ರೋಗವೇ ಹೌದೆಂದು ಖಚಿತವಾಗುತ್ತಿದ್ದುದು ಶವಪರೀಕ್ಷೆಯಲ್ಲಿ. ಸಿ.ಟಿ., ಎಂ.ಆರ್.ಐ. ಬಂದರೂ ಕಂಡದ್ದು ಮೆದುಳು ಕುಗ್ಗಿರುವುದಷ್ಟೇ. ಮಚ್ಚೆಗಳನ್ನು ಜೀವಂತ ವ್ಯಕ್ತಿಯಲ್ಲಿ ತೋರಿಸಿದ್ದು ಪೆಟ್ ಸ್ಕ್ಯಾನ್. ಅಲ್ಪಾಯುಷಿಯಾದ ವಿಕಿರಣಶೀಲ ಪರಮಾಣುವನ್ನು ಔಷಧದಂಥ ಅಣುವಿಗೆ ಜೋಡಿಸಿ ರಕ್ತಕ್ಕೆ ಬಿಟ್ಟು, ಅದು ಎಲ್ಲಿ ಹೋಗಿ ಕುಳಿತಿತೆಂದು ಹೊರಗಿನಿಂದ ಪತ್ತೆಹಚ್ಚುವ ವಿಧಾನವಿದು. ಅಮೆರಿಕದ ಪಿಟ್ಸ್‌ಬರ್ಗ್‌ನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮಥಿಸ್ ಮಚ್ಚೆಗಳಿಗೆ ಅಂಟಿಕೊಳ್ಳುವ ಅಣುವೊಂದನ್ನು ರೂಪಿಸಿದರು. ಸ್ವೀಡನ್ನಿನ ಉಪ್ಸಲಾದಲ್ಲಿ 2002ರಲ್ಲಿ ಮೊದಲ ರೋಗಿಯ ಪರೀಕ್ಷೆ ನಡೆಯಿತು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮಚ್ಚೆಗಳನ್ನು ಕರಗಿಸುವ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ದೊರೆಯಿತು. ಅದು ರೋಗವನ್ನು ಗುಣಪಡಿಸುವುದಿಲ್ಲ, ಮುಂದುವರಿಯುವ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ. ಮೆದುಳಿನಲ್ಲಿ ಊತ, ರಕ್ತಸ್ರಾವವಾಗುವ ಅಪಾಯವಿರುವುದರಿಂದ ಔಷಧ ಪಡೆಯುವವರಿಗೆ ಆಗಾಗ ಎಂ.ಆರ್.ಐ. ಮಾಡಬೇಕು. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ರೋಗದ ಗುರುತು ಹಿಡಿಯಲು ನೆರವಾಗುವ ರಕ್ತಪರೀಕ್ಷೆಯೊಂದಕ್ಕೂ ಒಪ್ಪಿಗೆ ನೀಡಿದೆ.

ಈ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದದ್ದು ಪಾಶ್ಚಾತ್ಯ ದೇಶಗಳ, ಶಾಲೆ ಕಲಿತ ಜನರ ಮೇಲೆ. ನಮ್ಮ ಹಳ್ಳಿಗಳ ವೃದ್ಧರಿಗೂ ಅದೇ ಲೆಕ್ಕ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ದೀರ್ಘಕಾಲದ ಅಧ್ಯಯನ ಕೈಗೊಂಡಿದೆ. 45 ವರ್ಷ ದಾಟಿದ ಸುಮಾರು 10,000 ಗ್ರಾಮಸ್ಥರನ್ನು ಒಳಗೊಳ್ಳುವುದು ಅದರ ಗುರಿ. ಬೆಂಗಳೂರಿನ ನಿಮ್ಹಾನ್ಸ್ 1995ರಿಂದ ಮಾನವ ಮೆದುಳಿನ ಅಂಗಾಂಶ ಭಂಡಾರವನ್ನೂ ನಡೆಸುತ್ತ ಬಂದಿದೆ. ಚಿತ್ರದಲ್ಲಿ ಕಂಡದ್ದು ನಿಜವೇ ಎಂದು ತಾಳೆನೋಡಲು ದಾನವಾಗಿ ಬಂದ ಮೆದುಳುಗಳು ಇಂದಿಗೂ ಬೇಕು.

ಚಿತ್ರವೇ ತೀರ್ಪಲ್ಲ

ಮೆದುಳು ಕೆಲಸ ಮಾಡುವುದನ್ನೇ ನೋಡುವ ವಿದ್ಯೆಯೂ ಈಗ ಇದೆ. ಆಮ್ಲಜನಕ ಹೊತ್ತ ರಕ್ತಕ್ಕೂ ಆಮ್ಲಜನಕ ಬಿಟ್ಟುಕೊಟ್ಟ ರಕ್ತಕ್ಕೂ ಅಯಸ್ಕಾಂತೀಯ ಗುಣ ಬೇರೆ. ಇದನ್ನು ಬಳಸಿ ಮೆದುಳಿನ ಯಾವ ಭಾಗ ಚುರುಕಾಗಿದೆಯೆಂದು ಎಂ.ಆರ್.ಐ. ಮೂಲಕ ಗುರುತಿಸಬಹುದೆಂದು ಜಪಾನೀ ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ತೋರಿಸಿದರು. ಗಡ್ಡೆ ತೆಗೆಯುವ ಮೊದಲು ರೋಗಿಯ ಮಾತಿನ ಕೇಂದ್ರ ಎಲ್ಲಿದೆಯೆಂದು ತಿಳಿದು ಅದನ್ನು ಕಾಪಾಡಲು ಇದು ನೆರವಾಗುತ್ತದೆ. ಆದರೆ ಬಣ್ಣಬಣ್ಣದ ಈ ಚಿತ್ರಗಳು ಕ್ಯಾಮೆರಾದ ಫೋಟೊಗಳಲ್ಲ, ಲೆಕ್ಕಾಚಾರದ ಫಲ. ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆಂದು ತೋರಿಸಲು ಕ್ರೇಗ್ ಬೆನೆಟ್ ಎಂಬ ಅಮೆರಿಕದ ಸಂಶೋಧಕ ಮತ್ತು ಸಂಗಡಿಗರು 2009ರಲ್ಲಿ ಒಂದು ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು ಅದಕ್ಕೆ ಮನುಷ್ಯರ ಫೋಟೊಗಳನ್ನು ತೋರಿಸಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಹೋಲಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಬಿಟ್ಟಾಗ ಸತ್ತ ಮೀನಿನ ಮೆದುಳೂ ‘ಯೋಚಿಸಿದಂತೆ’ ಕಂಡಿತು!

ಮರೆವಿನ ರೋಗದಲ್ಲಿಯೂ ಇದೇ ಎಚ್ಚರ ಬೇಕು. ಮಚ್ಚೆಗಳಿದ್ದೂ ನೆನಪು ಗಟ್ಟಿಯಾಗಿರುವ ವೃದ್ಧರು ಅನೇಕರಿದ್ದಾರೆ. ಹೀಗಾಗಿ ಸ್ಕ್ಯಾನ್ ಒಂದನ್ನೇ ನೋಡಿ ಯಾರಿಗೂ ರೋಗದ ಹಣೆಪಟ್ಟಿ ಕಟ್ಟುವಂತಿಲ್ಲ.

ಲೆಬೋರ್ನ್‌ನ ಮೆದುಳನ್ನು ಬ್ರೊಕಾ ಕತ್ತರಿಸದೆ ಹಾಗೆಯೇ ಕಾಪಿಟ್ಟಿದ್ದ. ಅದು ಪ್ಯಾರಿಸ್‌ನ ವಸ್ತುಸಂಗ್ರಹಾಲಯವೊಂದರಲ್ಲಿ ಉಳಿದುಬಂತು. ಸುಮಾರು ಒಂದೂವರೆ ಶತಮಾನದ ಬಳಿಕ ಅದನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು ನೋಡಿದ ಸಂಶೋಧಕರು 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾನಿ ಬ್ರೊಕಾ ಹೊರಗಿನಿಂದ ಕಂಡ ಜಾಗಕ್ಕಷ್ಟೇ ನಿಂತಿರಲಿಲ್ಲ, ಮೆದುಳಿನ ದೂರದ ಭಾಗಗಳನ್ನು ಜೋಡಿಸುವ ನರತಂತುಗಳವರೆಗೆ ಒಳಕ್ಕೆ ಹಬ್ಬಿತ್ತು. ಕಣ್ಣಾರೆ ಕಂಡ ಬ್ರೊಕಾ ಕೂಡ ಪೂರ್ತಿ ಕಂಡಿರಲಿಲ್ಲ.

ಆಲ್ಜೈಮರ್ ಬರೆದಿಟ್ಟ ಔಗುಸ್ಟಳ ಕಡತ ದಶಕಗಳ ಕಾಲ ಕಾಣೆಯಾಗಿದ್ದು, 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ಸಿಕ್ಕಿತು. ಅದರಲ್ಲಿರುವುದು ಚಿತ್ರಗಳಿಗಿಂತ ಹೆಚ್ಚಾಗಿ ಪ್ರಶ್ನೆ ಮತ್ತು ಉತ್ತರಗಳು. ಇಂದು ಮರೆವೆಂದು ಬಂದ ಹಿರಿಯರನ್ನು ನರವೈದ್ಯರು ಸ್ಕ್ಯಾನ್‌ಗೆ ಕಳಿಸುವ ಮೊದಲು ಎದುರು ಕೂರಿಸಿಕೊಂಡು ಕೇಳುವುದೂ ಅಂಥವೇ ಪ್ರಶ್ನೆಗಳನ್ನು. ಇವತ್ತು ಯಾವ ವಾರ, ಇದು ಯಾವ ಊರು, ಜೊತೆಗೆ ಬಂದಿರುವವರು ಯಾರು?